ರಿಸೆಪ್ಷನ್‌ಗೆ ಡಿಜೆ ಮಾಡುವವರಿಗೆ: ಎರಡೂವರೆ ಗಂಟೆ ಹಿನ್ನೆಲೆ, ಮುಕ್ಕಾಲು ಗಂಟೆ ಕುಣಿತ

"ಅಣ್ಣಾ, ಫ್ರೆಂಡ್ ಅಕ್ಕನ ರಿಸೆಪ್ಷನ್ ಇದೆ, ಡಿಜೆ ನೀನೇ ಮಾಡು ಅಂತಿದಾರೆ. ಯಾವ್ಯಾವ ಹಾಡು ಹಾಕ್ಲಿ?" ಮದುವೆ ಸೀಸನ್ ಶುರುವಾಯಿತೆಂದರೆ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಚಿಕ್ಕ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಕೈಯಲ್ಲಿ ನಡೆಸುವ ಬಟನ್‌ಗಳ ಹಲಗೆ) ಇಟ್ಟುಕೊಂಡು ಮಿಕ್ಸಿಂಗ್ (ಒಂದು ಹಾಡಿಗೆ ಇನ್ನೊಂದನ್ನು ಬೆಸೆಯುವುದು) ಕಲಿತ ಹುಡುಗ ಹುಡುಗಿಯರು. ಕೈ ಚೆನ್ನಾಗಿಯೇ ಪಳಗಿರುತ್ತದೆ. ಎಡವುವುದು ಬೇರೆ ಕಡೆ. ಪಬ್ಬಿಗೆ ಸರಿಹೋಗುವ ಸೆಟ್ಟನ್ನೇ ಕಲ್ಯಾಣ ಮಂಟಪಕ್ಕೆ ಹೊತ್ತುಕೊಂಡು ಹೋಗುತ್ತಾರೆ.

ಬೆಂಗಳೂರು, ಮೈಸೂರು, ತುಮಕೂರು ಕಡೆಯ ಒಂದು ಸಾಮಾನ್ಯ ರಿಸೆಪ್ಷನ್ ಹೇಗೆ ನಡೆಯುತ್ತದೆ ನೋಡಿ. ಕಾರ್ಡಿನಲ್ಲಿ ಆರೂವರೆ ಅಂತಿರುತ್ತದೆ. ಹುಡುಗ ಹುಡುಗಿ ಸ್ಟೇಜ್ ಹತ್ತುವಾಗ ಏಳು ದಾಟಿರುತ್ತದೆ. ಆಮೇಲೆ ಸಾಲು. ಒಬ್ಬೊಬ್ಬರೇ ಮೇಲೆ ಬಂದು, ಕವರ್ ಕೊಟ್ಟು, ಫೋಟೊಗೆ ನಿಂತು, ಊಟಕ್ಕೆ ಇಳಿದು ಹೋಗುತ್ತಾರೆ. ಈ ಸಾಲು ಕರಗುವಾಗ ಒಂಬತ್ತೂವರೆ. ಹತ್ತಕ್ಕೆ ಛತ್ರದ ಮ್ಯಾನೇಜರ್ ಗಡಿಯಾರ ತೋರಿಸುತ್ತಾರೆ. ಅಂದರೆ ನೀವು ಅಲ್ಲಿರುವ ಮೂರೂವರೆ ಗಂಟೆಯಲ್ಲಿ ಜನ ಕುಣಿಯುವುದು ಅರ್ಧ ಗಂಟೆ, ಬಹಳವೆಂದರೆ ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಜನ ಮಾತಾಡಿಕೊಳ್ಳುವ ಹೊತ್ತು. ನಿಮ್ಮ ತಯಾರಿಯೂ ಇದೇ ಅಳತೆಯಲ್ಲಿರಬೇಕು.

1. ಒಪ್ಪಿಕೊಳ್ಳುವ ಮೊದಲು ಫೋನಿನಲ್ಲಿ ಕೇಳಬೇಕಾದ್ದು

ಮೊದಲ ಪ್ರಶ್ನೆ: "ಡಿಜೆ ಅಂದರೆ ನಿಮಗೆ ಏನು ಬೇಕು?" ಬಹಳ ಊರುಗಳಲ್ಲಿ ಡಿಜೆ ಎಂದರೆ ಗಾಡಿಯ ಮೇಲೆ ಪೇರಿಸಿದ ಬಾಕ್ಸುಗಳು, ಮೆರವಣಿಗೆ, ಲೈಟು. ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ನೀವು ಲ್ಯಾಪ್‌ಟಾಪ್ ಮತ್ತು ಕಂಟ್ರೋಲರ್ ಹಿಡಿದು ಹೋದರೆ ಬಾಗಿಲಲ್ಲೇ ಜಗಳ. ಸೌಂಡ್ ಯಾರದು, ಲೈಟ್ ಯಾರದು, ಮೈಕ್ ಯಾರದು, ಮೊದಲೇ ಬಿಡಿಸಿ ಕೇಳಿ.

ಎರಡನೆಯದು, ಬೇರೆ ಸಂಗೀತ ಇದೆಯೇ? ಬಾಗಿಲಲ್ಲಿ ಓಲಗ ಇರಬಹುದು, ಸ್ಟೇಜ್ ಪಕ್ಕದಲ್ಲಿ ಸ್ಯಾಕ್ಸೊಫೋನ್ ಕಛೇರಿ ಅಥವಾ ಸುಗಮ ಸಂಗೀತ ಇರಬಹುದು, ಆರ್ಕೆಸ್ಟ್ರಾವನ್ನೇ ಕರೆಸಿರಬಹುದು. ಹಾಗಿದ್ದರೆ ನಿಮ್ಮ ಪಾಲಿಗೆ ಬರುವುದು ಅವರು ನಿಲ್ಲಿಸಿದ ಮೇಲಿನ ಹೊತ್ತು ಮಾತ್ರ. ಅವರು ನುಡಿಸುತ್ತಿರುವಾಗ ನಿಮ್ಮ ಫೇಡರ್ (ಸದ್ದು ಏರಿಸಿ ಇಳಿಸಲು ಮೇಲೆ ಕೆಳಗೆ ಸರಿಸುವ ಹಿಡಿ) ಪೂರ್ತಿ ಕೆಳಗೆ. ಚೆಕ್ ಮಾಡ್ತಿದ್ದೆ ಅಂತ ಒಂದು ಕಿಕ್ ಡ್ರಮ್ ಬಿಟ್ಟರೂ ಹಿರಿಯ ವಿದ್ವಾಂಸರು ವಾದ್ಯ ಕೆಳಗಿಟ್ಟು ನಿಮ್ಮ ಕಡೆ ನೋಡುತ್ತಾರೆ, ಇಡೀ ಸಭೆಯೂ ನೋಡುತ್ತದೆ.

ಮೂರನೆಯದು, ಎರಡೂ ಮನೆಯವರ ಭಾಷೆ ಮತ್ತು ಊರು. ಹುಡುಗಿ ಕಡೆಯವರು ಕೋಲಾರದ ತೆಲುಗು ಮಾತಿನವರು, ಹುಡುಗನ ಕಡೆಯವರು ಹುಬ್ಬಳ್ಳಿಯವರು, ಆಫೀಸಿನ ಗೆಳೆಯರಲ್ಲಿ ಅರ್ಧ ಜನ ಉತ್ತರ ಭಾರತದವರು ಎಂದು ಗೊತ್ತಾದರೆ ನಿಮ್ಮ ಪಟ್ಟಿಯ ಅಸ್ಥಿಪಂಜರ ಅಲ್ಲೇ ಸಿದ್ಧ. ಮಂಗಳೂರು ಕಡೆಯ ಕ್ರೈಸ್ತ ಮದುವೆಯಾದರೆ ಕಾರ್ಯಕ್ರಮದ ಸ್ವರೂಪವೇ ಬೇರೆ. ಜೋಡಿಯ ಪ್ರವೇಶ, ಕೇಕ್, ಟೋಸ್ಟ್, ಮೊದಲ ನೃತ್ಯ ಎಲ್ಲಕ್ಕೂ ಕ್ರಮ ಇದೆ, ನಿರೂಪಕರು ಹೇಳಿದಂತೆ ನೀವು ನಡೆಯಬೇಕು. ಅಲ್ಲಿ ಮೂರರ ತಾಳದ ವಾಲ್ಟ್ಜ್ ಬೇಕು, ಜೈವ್ ಬೇಕು, ಕೊಂಕಣಿ ಬೈಲಾ ಇಲ್ಲದೆ ರಾತ್ರಿ ಮುಗಿಯುವುದಿಲ್ಲ. ಕೊಡವರ ಮದುವೆಯಲ್ಲಿ ಕುಣಿತಕ್ಕೆ ವಾಲಗದವರು ಇದ್ದೇ ಇರುತ್ತಾರೆ. ಆ ಕುಣಿತ ಶುರುವಾದಾಗ ಡಿಜೆ ಸುಮ್ಮನಿರುವುದೇ ಸರಿ.

ಕೊನೆಗೆ, ಎರಡೂ ಕಡೆಯಿಂದ ಒಬ್ಬೊಬ್ಬರ ಹೆಸರು, ನಂಬರ್ ತೆಗೆದುಕೊಳ್ಳಿ. ಮದುಮಕ್ಕಳದ್ದಲ್ಲ, ಅವರು ಆ ಸಂಜೆ ಫೋನ್ ಎತ್ತುವುದಿಲ್ಲ. ತಂಗಿ, ಭಾವಮೈದ, ಸೋದರಮಾವನ ಮಗ, ಯಾರಾದರೂ ಓಡಾಡಿಕೊಂಡಿರುವವರು. ಅಡ್ವಾನ್ಸ್, ಶುರುವಿನ ಹೊತ್ತು, ಮುಗಿಸುವ ಹೊತ್ತು ಮೂರನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿ, "ಓಕೆ" ಬರುವ ತನಕ ತಾರೀಖು ಬುಕ್ ಆಯಿತೆಂದುಕೊಳ್ಳಬೇಡಿ.

2. ಛತ್ರ ನೋಡಿ ಬನ್ನಿ

ಹಿಂದಿನ ದಿನ ಆಗದಿದ್ದರೆ ಅದೇ ದಿನ ಮಧ್ಯಾಹ್ನ ಮೂರಕ್ಕಾದರೂ ಹೋಗಿ. ಹೂವಿನ ಅಲಂಕಾರದವರು ಬಂದ ಮೇಲೆ ನಿಮಗೆ ಮೇಜು ಇಡಲೂ ಜಾಗ ಸಿಗುವುದಿಲ್ಲ, ಪ್ಲಗ್ ಪಾಯಿಂಟ್ ಪರದೆಯ ಹಿಂದೆ ಹೋಗಿರುತ್ತದೆ.

ಮುಖ್ಯವಾದದ್ದು ಕರೆಂಟು. ಆಂಪ್ಲಿಫೈಯರ್ ಮತ್ತು ಸಬ್‌ವೂಫರ್‌ಗೆ (ಬೇಸ್ ಸದ್ದಿನ ದೊಡ್ಡ ಸ್ಪೀಕರ್) 15 ಆಂಪ್ಸ್ ಪಾಯಿಂಟ್ ಬೇಕು. 5 ಆಂಪ್ಸ್ ಸಾಕೆಟ್‌ನಿಂದ ಜಂಕ್ಷನ್ ಬಾಕ್ಸ್ ಎಳೆದು ಎಲ್ಲವನ್ನೂ ಅದಕ್ಕೇ ಚುಚ್ಚಿದರೆ ಕುಣಿತ ಶುರುವಾಗಿ ಬೇಸ್ ಏರಿದ ಹೊತ್ತಿಗೇ ಟ್ರಿಪ್ ಆಗುತ್ತದೆ. ಅಲಂಕಾರದ ಲೈಟಿಗೆ ಹೋಗುವ ಲೈನ್ ಬೇರೆ, ಸೌಂಡಿಗೆ ಬೇರೆ ಇರಲಿ. ಛತ್ರದ ಎಲೆಕ್ಟ್ರಿಷಿಯನ್‌ನನ್ನು ಮೊದಲೇ ಪರಿಚಯ ಮಾಡಿಕೊಳ್ಳಿ. ಆ ಸಂಜೆ ನಿಮಗೆ ಅವರಿಗಿಂತ ಹತ್ತಿರದ ನೆಂಟರಿಲ್ಲ.

ಕರೆಂಟ್ ಹೋಗಿ ಜನರೇಟರ್ ಬರುವ ತನಕದ ಕೆಲವು ಸೆಕೆಂಡುಗಳಲ್ಲಿ ಏನಾಗುತ್ತದೆ ಎಂಬುದನ್ನು ಯೋಚಿಸಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ. ಯುಎಸ್‌ಬಿ ವೈರಿನಿಂದಲೇ ಕರೆಂಟು ತೆಗೆದುಕೊಳ್ಳುವ ಚಿಕ್ಕ ಕಂಟ್ರೋಲರ್ ಕೂಡ ಬದುಕುತ್ತದೆ. ಆದರೆ ಲ್ಯಾಪ್‌ಟಾಪ್ ಇಲ್ಲದೆ ನಡೆಯುವ ದೊಡ್ಡ ಕನ್ಸೋಲ್ ಆಗಿದ್ದರೆ ಆರಿ, ಮತ್ತೆ ಮೊದಲಿನಿಂದ ಹೊತ್ತಿಕೊಂಡು, ಪೆನ್‌ಡ್ರೈವ್ ಓದಿ ತಯಾರಾಗಬೇಕು. ಜನರೇಟರ್ ಬಂದು ಲೈಟೆಲ್ಲ ಹತ್ತಿಕೊಂಡಿದ್ದರೂ ನಿಮ್ಮ ಕಡೆಯಿಂದ ಸದ್ದಿಲ್ಲ. ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಒಂದು ಇದ್ದರೆ ಕನ್ಸೋಲ್ ಮತ್ತು ಮಿಕ್ಸರ್‌ಗೆ ಸಾಕು. ಆಂಪ್ಲಿಫೈಯರನ್ನು ಮಾತ್ರ ಅದಕ್ಕೆ ಹಾಕಬೇಡಿ, ತಡೆಯುವುದಿಲ್ಲ. ಕರೆಂಟ್ ಹೋದ ಕೂಡಲೇ ಮಾಸ್ಟರ್ ವಾಲ್ಯೂಮ್ ಇಳಿಸುವುದು ಕೈಗೆ ಅಭ್ಯಾಸವಾಗಲಿ. ಇಲ್ಲದಿದ್ದರೆ ಕರೆಂಟ್ ವಾಪಸ್ ಬಂದಾಗ "ಧಡ್" ಅಂತ ಹೊಡೆದು ಸ್ಪೀಕರ್ ಕೋನ್ ಹೋಗಬಹುದು. ಯಾವಾಗಲೂ ಆಂಪ್ಲಿಫೈಯರ್ ಕೊನೆಗೆ ಆನ್, ಮೊದಲು ಆಫ್.

ಸ್ಪೀಕರಿನಲ್ಲಿ "ಹ್ಮ್‌ಮ್" ಎಂಬ ಗುಂಯ್‌ಗುಡುವಿಕೆ ಬರುತ್ತಿದೆಯೇ? ಲ್ಯಾಪ್‌ಟಾಪ್ ಚಾರ್ಜರ್ ಎಳೆದು ನೋಡಿ. ನಿಂತುಹೋದರೆ ಅರ್ತಿಂಗ್ ಸಮಸ್ಯೆ: ಲ್ಯಾಪ್‌ಟಾಪ್ ಒಂದು ಲೈನಿನ ಅರ್ತ್, ಸೌಂಡ್ ಇನ್ನೊಂದು ಲೈನಿನ ಅರ್ತ್ ಹಿಡಿದಿವೆ. ಎರಡನ್ನೂ ಒಂದೇ ಕಡೆಯಿಂದ ತೆಗೆದುಕೊಳ್ಳಿ, ಅಥವಾ ನಡುವೆ ಡಿಐ ಬಾಕ್ಸ್ ಹಾಕಿ (ಎರಡು ಸಾಧನಗಳ ನಡುವಿನ ನೇರ ವಿದ್ಯುತ್ ಸಂಪರ್ಕ ತಪ್ಪಿಸಿ ಸದ್ದನ್ನು ಮಾತ್ರ ದಾಟಿಸುವ ಪೆಟ್ಟಿಗೆ). ಪ್ಲಗ್ಗಿನ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯ ಹೇಳಿಕೊಡುವವರು ಇದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಆಮೇಲೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದೂ ನಿಜ.

ಛತ್ರದ್ದೇ ಸೌಂಡ್ ಸಿಸ್ಟಂ ಆಗಿದ್ದರೆ ಇನ್ನೊಂದು ಬಲೆ. ಆಪರೇಟರ್ ನಿಮ್ಮ ಕನ್ಸೋಲಿನಿಂದ ಎಡಗಡೆಯ ಒಂದೇ ವೈರ್ ತೆಗೆದುಕೊಂಡು ಹೋಗಿರುತ್ತಾರೆ. ಹೊಸ ಹಾಡಿನಲ್ಲಿ ಅಷ್ಟಾಗಿ ಗೊತ್ತಾಗದು. ಹಳೆಯ ಸ್ಟೀರಿಯೊ ಹಾಡುಗಳಲ್ಲಿ ಒಂದು ಕಡೆ ವಾದ್ಯ, ಇನ್ನೊಂದು ಕಡೆ ದನಿ ಇರುವಂಥವು ಬಂದಾಗ ಅರ್ಧ ಹಾಡೇ ಕಾಣೆ. ಎರಡೂ ವೈರ್ ಕೊಡಿ, ಇಲ್ಲವೇ ಕನ್ಸೋಲಿನ ಸೆಟ್ಟಿಂಗ್‌ನಲ್ಲಿ ಮೊನೊ (ಎರಡೂ ಕಡೆಯ ಸದ್ದು ಒಂದರಲ್ಲೇ ಸೇರಿ ಬರುವಂತೆ) ಮಾಡಿಕೊಳ್ಳಿ.

3. ಹಿನ್ನೆಲೆಯ ಹಾಡುಗಳು

ಇಲ್ಲಿಯೇ ನಿಮ್ಮ ಹೆಸರು ಉಳಿಯುವುದು ಅಥವಾ ಹೋಗುವುದು. ಮದುವೆ ಮಾಡಿಸುವವರು, ದುಡ್ಡು ಕೊಡುವವರು, ಮುಂದಿನ ಮದುವೆಗೆ ನಿಮ್ಮ ನಂಬರ್ ಹಂಚುವವರು ಎಲ್ಲರೂ ಕೂತಿರುವುದು ಈ ಎರಡೂವರೆ ಗಂಟೆ. ಕುಣಿತದ ಹೊತ್ತಿಗೆ ಅವರಲ್ಲಿ ಬಹುಪಾಲು ಜನ ಊಟ ಮುಗಿಸಿ ಹೊರಟಿರುತ್ತಾರೆ.

ವಾಲ್ಯೂಮ್ ಎಷ್ಟಿರಬೇಕು? ಮೂರನೇ ಸಾಲಿನ ಕುರ್ಚಿಯಲ್ಲಿ ಕೂತು ಪಕ್ಕದವರ ಜೊತೆ ಮಾಮೂಲಿ ದನಿಯಲ್ಲಿ ಮಾತಾಡಿ ನೋಡಿ. ಗಂಟಲು ಎತ್ತಬೇಕಾಗಿ ಬಂದರೆ ಜಾಸ್ತಿಯಾಯಿತು. ಸ್ಟೇಜಿನ ಕಡೆ ಸ್ಪೀಕರ್ ತಿರುಗಿಸಲೇಬೇಡಿ. ಅಲ್ಲಿ ಹುಡುಗ "ಇವರು ನಮ್ಮ ಡೈರೆಕ್ಟರ್, ಇವಳು ನನ್ನ ಹೆಂಡತಿ" ಎಂದು ಪರಿಚಯ ಮಾಡಿಸುತ್ತಿರುತ್ತಾನೆ, ಫೋಟೊಗ್ರಾಫರ್ "ಅಂಕಲ್, ಸ್ವಲ್ಪ ಎಡಕ್ಕೆ" ಅಂತ ಕೂಗುತ್ತಿರುತ್ತಾರೆ. ಹಾಲ್ ತುಂಬಿದ ಮೇಲೆ ಜನರ ಮಾತೇ ಸದ್ದಾಗುತ್ತದೆ, ಆಗ ನೀವು ಏರಿಸಿದರೆ ಅವರೂ ಏರಿಸುತ್ತಾರೆ. ಆ ಪೈಪೋಟಿಗೆ ಇಳಿಯಬೇಡಿ.

ಹಾಡು ಆರಿಸುವಾಗ ನಾನು ಅನುಸರಿಸುವ ಕ್ರಮ ಇದು. ಜನ ಬರುವ ಮೊದಲ ಅರ್ಧ ಗಂಟೆ ಬರೀ ವಾದ್ಯ: ವೀಣೆ, ಕೊಳಲು, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಂಥದ್ದು. ಆ ಹೊತ್ತಿಗೆ ಬರುವವರು ಹಿರಿಯರು, ಬೇಗ ಊಟ ಮಾಡಿ ಹೊರಡುವವರು. ಸಾಲು ಕಟ್ಟತೊಡಗಿದ ಮೇಲೆ ಹಳೆಯ ಚಿತ್ರಗೀತೆಗಳು. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ಉಪೇಂದ್ರ ಕುಮಾರ್ ಕಾಲದ ಮಧುರ ಹಾಡುಗಳು ಕೂತವರನ್ನು ಕಟ್ಟಿ ಹಾಕುತ್ತವೆ. ತಲೆದೂಗುತ್ತಾ ಗುನುಗುವುದನ್ನು ನೀವೇ ನೋಡುತ್ತೀರಿ. ಎಂಟರ ಹೊತ್ತಿಗೆ ಆಫೀಸಿನವರು, ಕಾಲೇಜು ಗೆಳೆಯರು ಬರುತ್ತಾರೆ. ಆಗ 2006ರ "ಮುಂಗಾರು ಮಳೆ"ಯ ಆಚೀಚೆ ಶುರುವಾದ ಮಧುರ ಗೀತೆಗಳ ಅಲೆಗೆ ಜಾರಿ, ನಡುನಡುವೆ ಎರಡನೇ ಮನೆಯವರ ಭಾಷೆಯ ನಾಲ್ಕಾರು ಹಾಡು ಸೇರಿಸಿ. ಪ್ರತಿ ಮೂರನೆಯದೋ ನಾಲ್ಕನೆಯದೋ ಅವರದ್ದಾಗಿರಲಿ. ಹುಡುಗಿ ಮನೆಯವರು ತಮಿಳರಾಗಿದ್ದು ಇಡೀ ಸಂಜೆ ಒಂದೂ ತಮಿಳು ಹಾಡು ಕೇಳಿಸದಿದ್ದರೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಆದರೆ ಗಮನಕ್ಕೆ ಬಂದಿರುತ್ತದೆ.

ಈ ಹೊತ್ತಿನಲ್ಲಿ ಮಿಕ್ಸಿಂಗ್ ಕೈಚಳಕ ಬೇಡ. ಹಾಡು ಪೂರ್ತಿ ಹೋಗಲಿ, ಕೊನೆಯಲ್ಲಿ ಮೆಲ್ಲಗೆ ಇಳಿದು ಇನ್ನೊಂದು ಏರಲಿ. ಎರಡೂವರೆ ಗಂಟೆಗೆ ಮೂವತ್ತೈದು ಹಾಡು ಹಿಡಿಯುತ್ತವೆ. ಎಪ್ಪತ್ತು ಇಟ್ಟುಕೊಂಡು ಹೋಗಿ.

ಈಗ ಬಹಳ ಜನ ಜಾರಿ ಬೀಳುವ ಜಾಗ. ರಾಗ ಚೆನ್ನಾಗಿದೆ ಎಂದು ಹಾಕಿದ ಹಾಡಿನ ಸಾಹಿತ್ಯ ಏನು ಹೇಳುತ್ತಿದೆ? ನಮ್ಮ ಸಿನಿಮಾದ ಅತಿ ಮಧುರ ಹಾಡುಗಳಲ್ಲಿ ಎಷ್ಟೋ ವಿರಹದವು, ಕೈತಪ್ಪಿದ ಹುಡುಗಿಯ ನೆನಪಿನವು, ಕೆಲವು ಸಾವಿನ ಸನ್ನಿವೇಶದವು. ಹಾಡಿನ ಸಾಲು ತೆಗೆದು ಕೊಳಲಲ್ಲಿ ನುಡಿಸಿದರೂ ಜನಕ್ಕೆ ಆ ದೃಶ್ಯವೇ ನೆನಪಾಗುತ್ತದೆ. ಪಟ್ಟಿಯ ಪ್ರತಿ ಹಾಡಿನ ಎರಡೂ ಚರಣ ಕೂತು ಕೇಳಿ. ಪಲ್ಲವಿ ಕೇಳಿ ಬಿಟ್ಟರೆ ಸಾಲದು, ಕಲ್ಲು ಅಡಗಿರುವುದು ಎರಡನೇ ಚರಣದಲ್ಲಿ. ಇನ್ನೊಂದು ಭಾಷೆಯ ಹಾಡಾದರೆ ಆ ಭಾಷೆ ಬಲ್ಲವರ ಹತ್ತಿರ ಕೇಳಿಸಿ.

4. ಕುಣಿತದ ಪಟ್ಟಿ

ಹಾಡುಗಳ ಹೆಸರಿನ ಪಟ್ಟಿ ಕೊಡಿ ಎಂದು ಕೇಳುವವರಿಗೆ ನಾನು ಕೊಡುವುದಿಲ್ಲ. ಇವತ್ತು ಕೊಟ್ಟ ಪಟ್ಟಿ ಮುಂದಿನ ಸೀಸನ್‌ಗೆ ಹಳಸಿರುತ್ತದೆ, ಮಂಡ್ಯದಲ್ಲಿ ಎದ್ದು ಕುಣಿದದ್ದಕ್ಕೆ ಉಡುಪಿಯಲ್ಲಿ ಯಾರೂ ಏಳುವುದಿಲ್ಲ. ಅದರ ಬದಲು ವಯಸ್ಸಿನ ಲೆಕ್ಕ ಹಾಕಿ. ಮನುಷ್ಯ ಕುಣಿಯುವುದು ತನ್ನ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನ ಹಾಡಿಗೆ. ಈಗ ಐವತ್ತರ ಆಸುಪಾಸಿನಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮಂದಿರ ಹರೆಯ ಎಂದರೆ ಹಂಸಲೇಖ ಕಾಲ, 1987ರ "ಪ್ರೇಮಲೋಕ"ದಿಂದ ತೊಂಬತ್ತರ ದಶಕದ ಕೊನೆಯವರೆಗೆ. ಮೂವತ್ತೈದು, ನಲವತ್ತರವರಿಗೆ ಗುರುಕಿರಣ್ ಮತ್ತು ಆಮೇಲಿನವರು. ಮದುಮಕ್ಕಳ ಗೆಳೆಯರಿಗೆ ವಿ. ಹರಿಕೃಷ್ಣ, ಅರ್ಜುನ್ ಜನ್ಯರಿಂದ ಹಿಡಿದು ಈ ವರ್ಷದ ರೀಲ್ಸ್ ಹಾಡಿನವರೆಗೆ. ಹುಬ್ಬಳ್ಳಿ–ಧಾರವಾಡ, ಬಾಗಲಕೋಟೆ, ವಿಜಯಪುರದವರಿದ್ದರೆ ಆ ಕಡೆಯ ಜಾನಪದ ಹಾಡುಗಳಿಲ್ಲದೆ ಹೋಗಲೇಬೇಡಿ.

ಶುರು ಹೇಗೆ? ಬಹಳ ಹುಡುಗರು ಹೊಚ್ಚ ಹೊಸ ಹಿಟ್ ಹಾಕಿ ಶುರು ಮಾಡುತ್ತಾರೆ. ಗೆಳೆಯರ ಬಳಗ ಮುನ್ನುಗ್ಗುತ್ತದೆ, ಮನೆಯವರು ಗೋಡೆಗೆ ಒರಗಿ ನೋಡುತ್ತಾರೆ, ಆಮೇಲೆ ಅವರು ಕಣಕ್ಕೆ ಇಳಿಯುವುದೇ ಇಲ್ಲ. ನಾನು ಮೊದಲ ನಾಲ್ಕು ಹಾಡು ದೊಡ್ಡವರಿಗೇ ಮೀಸಲಿಡುತ್ತೇನೆ. ಅತ್ತೆ, ಸೋದರಮಾವ ಇಬ್ಬರು ಇಳಿದರೆ ಸಾಕು, ಹುಡುಗರು ತಾವಾಗಿ ಬರುತ್ತಾರೆ, ಅವರನ್ನು ಕರೆಯಬೇಕಾದ್ದಿಲ್ಲ. ಪುನೀತ್ ಹಾಡಿಗೆ ಆರು ವರ್ಷದ ಮಗುವಿನಿಂದ ಅರುವತ್ತರವರ ತನಕ ಏಳುತ್ತಾರೆ, ಅದನ್ನು ನಡುವಿಗೆ ಉಳಿಸಿಕೊಳ್ಳಿ. ಅವರು ತೀರಿಕೊಂಡ 2021ರ ನಂತರ ಕೆಲವು ಭಾವುಕ ಹಾಡುಗಳಿಗೆ ಜನ ಕುಣಿಯುವ ಬದಲು ಕಣ್ಣೊರೆಸಿಕೊಳ್ಳುತ್ತಾರೆ ಎಂಬುದೂ ಗಮನದಲ್ಲಿರಲಿ. ವೇಗದ ಹಾಡುಗಳನ್ನೇ ಆರಿಸಿ.

ಇನ್ನು ತಾಂತ್ರಿಕವಾಗಿ ನಿಜವಾದ ತಲೆನೋವು ತಾಳದ್ದು. ಹಿಂದಿ, ಪಂಜಾಬಿ, ಇಂಗ್ಲಿಷ್ ಕುಣಿತದ ಹಾಡುಗಳು ಹೆಚ್ಚಾಗಿ ನಾಲ್ಕರ ಎಣಿಕೆಯವು, ಚತುರಶ್ರ ನಡೆ. ನಮ್ಮ ತಮಟೆ ಹೊಡೆತದ, ಹಬ್ಬದ ಕುಣಿತದ ಹಾಡುಗಳು ಹೆಚ್ಚಾಗಿ ತಿಶ್ರ ನಡೆ: ಪ್ರತಿ ಹೊಡೆತದ ಒಳಗೆ "ತಕಿಟ ತಕಿಟ" ಎಂದು ಮೂರು. ಕೀಬೋರ್ಡಿನವರು ಇದನ್ನು "ಸಿಕ್ಸ್ ಎಯ್ಟ್" ಎನ್ನುತ್ತಾರೆ. ಸಾಫ್ಟ್‌ವೇರ್ ಇವುಗಳ ಬಿಪಿಎಂ (ನಿಮಿಷಕ್ಕೆ ಬೀಳುವ ಹೊಡೆತಗಳ ಎಣಿಕೆ) ಲೆಕ್ಕ ಹಾಕುವಾಗ ಮೋಸಹೋಗುತ್ತದೆ. 120 ಇರಬೇಕಾದಲ್ಲಿ 80 ಎನ್ನುತ್ತದೆ, ಇಲ್ಲವೇ 180 ಎನ್ನುತ್ತದೆ. ಪರದೆ ನಂಬಿ ಸಿಂಕ್ ಬಟನ್ (ಎರಡು ಹಾಡುಗಳ ವೇಗವನ್ನು ತಾನಾಗಿ ಹೊಂದಿಸುವಂಥದ್ದು) ಒತ್ತಿದರೆ ಎರಡು ತಾಳ ಒಂದರ ಮೇಲೊಂದು ಬಿದ್ದು ಕುದುರೆ ಎಡವಿದಂತೆ ಕೇಳುತ್ತದೆ. ಕಾಲಲ್ಲಿ ತಾಳ ಹಾಕಿ, ಟ್ಯಾಪ್ ಬಟನ್‌ನಿಂದ ನೀವೇ ಬಿಪಿಎಂ ಸರಿಪಡಿಸಿ, ಫೈಲಿನ ಹೆಸರಿನ ಮುಂದೆ "ತಿ" ಎಂದು ಗುರುತು ಹಾಕಿಡಿ.

ತಿಶ್ರದಿಂದ ಚತುರಶ್ರಕ್ಕೆ ದಾಟಬೇಕಾದಾಗ ಎರಡನ್ನೂ ಒಟ್ಟಿಗೆ ಓಡಿಸುವ ಸಾಹಸ ಬೇಡ. ನಡೆಯುತ್ತಿರುವ ಹಾಡಿನ ಪಲ್ಲವಿ ಮುಗಿಯುವ ಜಾಗದಲ್ಲಿ ಎಕೋ ಎಫೆಕ್ಟ್ ಕೊಟ್ಟು ಫೇಡರ್ ಇಳಿಸಿ, ಆ ಮಾರ್ದನಿ ಕರಗುವಷ್ಟರಲ್ಲಿ ಹೊಸ ಹಾಡಿನ ಮೊದಲ ಹೊಡೆತ ಬೀಳಲಿ. ಅಥವಾ ಮೈಕಿನವರು "ಹುಡುಗನ ಕಡೆಯವ್ರು ಎಲ್ಲಿ?" ಎಂದು ಕೂಗುವ ಎರಡು ಸೆಕೆಂಡಿನಲ್ಲಿ ಬದಲಾಯಿಸಿ. ಸುಲಭದ ಉಪಾಯ ಎಂದರೆ ಪಟ್ಟಿಯನ್ನೇ ಗೊಂಚಲಾಗಿ ಕಟ್ಟುವುದು: ನಾಲ್ಕೈದು ತಿಶ್ರ, ಆಮೇಲೆ ನಾಲ್ಕೈದು ಚತುರಶ್ರ. ಪ್ರತಿ ಹಾಡಿಗೂ ತಾಳ ಬದಲಿಸಿದರೆ ಕುಣಿಯುವವರ ಕಾಲು ಸೋಲುತ್ತದೆ.

ಹಳೆಯ ಹಾಡುಗಳಿಗೆ ಸಿಂಕ್ ಇನ್ನೊಂದು ಕಾರಣಕ್ಕೂ ಹೊಂದುವುದಿಲ್ಲ. ಅವು ಸ್ಟುಡಿಯೊದಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದವು. ಕಂಪ್ಯೂಟರ್ ಲಯ ಇಲ್ಲ, ವೇಗ ಮೆಲ್ಲಗೆ ಏರಿಳಿಯುತ್ತದೆ. ಕಿವಿಯಲ್ಲೇ ಹೊಂದಿಸಿ, ಬೇಗ ದಾಟಿ.

ಮತ್ತೆ, ಸಿನಿಮಾ ಹಾಡಿನ ಆರಂಭದಲ್ಲಿ ಪಿಟೀಲು, ಮಾತು, ಮಳೆಯ ಸದ್ದು ಇತ್ಯಾದಿ ಅರ್ಧ ನಿಮಿಷ ಓಡುತ್ತದೆ. ಕಣ ತಣ್ಣಗಾಗಲು ಅಷ್ಟು ಸಾಕು. ಹಾಡು ನಿಜವಾಗಿ ಏಳುವ ಜಾಗಕ್ಕೆ ಹಾಟ್ ಕ್ಯೂ ಹಾಕಿಡಿ (ಒಂದು ಬಟನ್ ಒತ್ತಿದರೆ ನೇರ ಅಲ್ಲಿಗೇ ಜಿಗಿಯುವ ಗುರುತು). ಪಲ್ಲವಿ, ಒಂದು ಚರಣ, ಮತ್ತೆ ಪಲ್ಲವಿ, ಮುಂದಿನ ಹಾಡು. ಒಂದಕ್ಕೆ ಎರಡು ನಿಮಿಷ. ಮುಕ್ಕಾಲು ಗಂಟೆಗೆ ಇಪ್ಪತ್ತೆರಡು ಹಾಡು ಬೇಕು, ಎಂಬತ್ತು ತಯಾರಿರಲಿ. ಯಾವುದು ಬೇಕಾಗುತ್ತದೋ ಅಲ್ಲಿ ನಿಂತಾಗಲೇ ಗೊತ್ತಾಗುವುದು.

5. ಕೇಳಿಯೇ ಹಾಕಬೇಕಾದ ಹಾಡುಗಳು, ಹಾಕಲೇಬಾರದವು

ಎಣ್ಣೆ ಹಾಡುಗಳು. ಕನ್ನಡದಲ್ಲಿ ಇವು ಒಂದು ದೊಡ್ಡ ಸಂಸಾರವೇ, ಹುಡುಗರು ಮೊದಲು ಕೇಳುವುದೂ ಅದನ್ನೇ. ಮನೆಯವರನ್ನು ಮೊದಲೇ ಕೇಳಿ. "ಬೇಡ" ಅಂದರೆ ಮುಗಿಯಿತು, ಕೊನೇ ಹಾಡಾಗಿಯೂ ಬೇಡ. ಹುಡುಗಿಯರನ್ನು ಬಯ್ಯುವ, ಕೈಕೊಟ್ಟಳು ಎಂದು ಹಂಗಿಸುವ ಹಾಡುಗಳನ್ನಂತೂ ಪೆನ್‌ಡ್ರೈವಿನಿಂದಲೇ ತೆಗೆದುಹಾಕಿ. ಬೀಗರ ಎದುರು ಅಂಥದ್ದಕ್ಕೆ ವರನ ಗೆಳೆಯರು ವಧುವಿನ ಸುತ್ತ ಕುಣಿದರೆ ಹೇಗಿರುತ್ತದೆ ಎಂದು ಯೋಚಿಸಿ.

ಜಾತಿ, ಪಕ್ಷ, ನಾಯಕರ ಹೆಸರಿನ ಹಾಡು ಕೇಳಿಕೊಂಡು ಯಾರಾದರೂ ಬಂದೇ ಬರುತ್ತಾರೆ, ಅದರಲ್ಲೂ ಮೆರವಣಿಗೆಯಲ್ಲಿ. "ನನ್ನ ಹತ್ತಿರ ಇಲ್ಲ ಸಾರ್" ಎನ್ನಿ. ಅದು ನಿಜವೇ ಆಗಿರುವಂತೆ ನೋಡಿಕೊಳ್ಳಿ, ಏಕೆಂದರೆ ಮುಂದಿನ ಮಾತು "ಯೂಟ್ಯೂಬಲ್ಲಿದೆ, ನನ್ನ ಫೋನ್ ಹಾಕ್ಕೊ" ಎಂದಿರುತ್ತದೆ. ಅದಕ್ಕೆ ಉತ್ತರ, "ಈ ಮಷಿನ್‌ಗೆ ಫೋನ್ ಹಾಕಕ್ಕಾಗಲ್ಲ."

ಸ್ಟಾರ್ ಅಭಿಮಾನಿಗಳ ವಿಷಯದಲ್ಲೂ ಎಚ್ಚರ. ಒಬ್ಬ ನಟನ ಎರಡು ಹಾಡು ಹಿಂದುಮುಂದೆ ಹಾಕಿದರೆ ಇನ್ನೊಬ್ಬರ ಅಭಿಮಾನಿಗಳು ಮೇಜಿನ ಸುತ್ತ ನಿಂತಿರುತ್ತಾರೆ. ಒಂದಾದ ಮೇಲೆ ಇನ್ನೊಬ್ಬರದು, ಯಾವಾಗಲೂ.

6. ಫೈಲುಗಳ ತಯಾರಿ

ಆಷಾಢದಲ್ಲಿ, ಧನುರ್ಮಾಸದಲ್ಲಿ ಹಿಂದೂ ಮದುವೆಗಳು ಸಾಮಾನ್ಯವಾಗಿ ಇರುವುದಿಲ್ಲ. ಈ ಕೆಲಸಕ್ಕೆ ಅದೇ ಹೊತ್ತು.

ಎಂಪಿತ್ರೀ ಆದರೆ 320 ಕೆಬಿಪಿಎಸ್ ಇರಲಿ (ಒಂದು ಸೆಕೆಂಡಿನ ಸಂಗೀತಕ್ಕೆ ಎಷ್ಟು ಮಾಹಿತಿ ಬಳಸಲಾಗಿದೆ ಎಂಬ ಅಳತೆ). ಯೂಟ್ಯೂಬಿನಿಂದ ಕನ್ವರ್ಟರ್ ಮೂಲಕ ಇಳಿಸಿಕೊಂಡ ಫೈಲಿಗೆ 320 ಎಂದು ಹೆಸರು ಬಂದರೂ ಕಳೆದುಹೋದ ಸದ್ದು ವಾಪಸ್ ಬರುವುದಿಲ್ಲ. ಹೆಡ್‌ಫೋನಿನಲ್ಲಿ ಗೊತ್ತಾಗದ ಒಣಕಲುತನ ದೊಡ್ಡ ಸ್ಪೀಕರಿನಲ್ಲಿ ಎದ್ದು ಕಾಣುತ್ತದೆ. ಹಣ ಕೊಟ್ಟು ಕೊಳ್ಳಿ. ಸ್ಟ್ರೀಮಿಂಗ್ ಆ್ಯಪ್ ನಂಬಿಕೊಂಡು ಹೋಗಬೇಡಿ: ಛತ್ರದ ಬೇಸ್‌ಮೆಂಟ್ ಹಾಲಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮೇಲಿನ ಹಾಲಿನಲ್ಲಿ ಸಾವಿರ ಫೋನುಗಳ ನಡುವೆ ಸಿಗುವುದಿಲ್ಲ. ಅದರಲ್ಲಿ "ಡೌನ್‌ಲೋಡ್" ಮಾಡಿದ್ದು ಪೆನ್‌ಡ್ರೈವಿಗೆ ಬರುವಂಥದ್ದೂ ಅಲ್ಲ.

ಹಳೆಯ ಹಾಡುಗಳ ಸದ್ದು ಸಣ್ಣ, ಹೊಸದರದ್ದು ದೊಡ್ಡ. ಪ್ರತಿ ಹಾಡಿಗೂ ಗೇನ್ ನಾಬ್ (ಫೇಡರಿಗೆ ಮೊದಲು ಬರುವ ಸದ್ದಿನ ಅಳತೆ) ತಿರುಗಿಸಿ ಮೀಟರಿನಲ್ಲಿ ಹಸಿರು ದಾಟಿ ಹಳದಿ ಮುಟ್ಟುವಷ್ಟಕ್ಕೆ ನಿಲ್ಲಿಸಿ. ಕೆಂಪು ಬಂದರೆ ಸದ್ದು ಹೆಚ್ಚಾಗುವುದಿಲ್ಲ, ಒಡೆಯುತ್ತದೆ.

ಪೆನ್‌ಡ್ರೈವ್ ಎರಡು, ಎರಡರಲ್ಲೂ ಒಂದೇ ಹಾಡುಗಳು. ಬೇರೆಯವರ ಕನ್ಸೋಲಿನಲ್ಲಿ ಬಾರಿಸಬೇಕಾದರೆ ಫ್ಯಾಟ್ 32 ಎಂದು ಫಾರ್ಮ್ಯಾಟ್ ಮಾಡಿರಿ, ಹಳೆಯ ಪ್ಲೇಯರ್‌ಗಳು ಬೇರೆಯದನ್ನು ಓದದೇ ಇರಬಹುದು. ಫೋನಿನಲ್ಲೂ ಒಂದು ಗಂಟೆಯ ಹಿನ್ನೆಲೆ ಸಂಗೀತ ಇರಲಿ, ಜೊತೆಗೆ ಅದಕ್ಕೆ ಸರಿಹೋಗುವ ವೈರ್. ಎಲ್ಲವೂ ಕೈಕೊಟ್ಟರೂ ಮೌನ ಆಗಬಾರದು.

7. ಎಂಟ್ರಿ, ಅಣ್ಣತಮ್ಮಂದಿರ ಡ್ಯಾನ್ಸು, ಮೈಕು

ಮದುಮಕ್ಕಳ ಎಂಟ್ರಿ ಹಾಡನ್ನು ಅವರೇ ಆರಿಸಲಿ, ಆದರೆ ಎಲ್ಲಿಂದ ಶುರು ಎಂಬುದನ್ನು ನಿಮಿಷ ಸೆಕೆಂಡಿನ ಸಮೇತ ಬರೆಸಿಕೊಳ್ಳಿ. ಬಾಗಿಲಿನಿಂದ ಸ್ಟೇಜಿಗೆ ನಲವತ್ತು ಹೆಜ್ಜೆ ಇರಬಹುದು. ರೇಷ್ಮೆ ಸೀರೆ, ಲೆಹೆಂಗಾ ಉಟ್ಟವರು ಬೇಗ ನಡೆಯಲಾರರು, ನಡುವೆ ವಿಡಿಯೊದವರು ಎರಡು ಸಲ ನಿಲ್ಲಿಸುತ್ತಾರೆ. ಹಾಡಿನ ಒಳ್ಳೆಯ ಭಾಗ ಮುಗಿದು ಅವರು ಇನ್ನೂ ದಾರಿಯಲ್ಲೇ ಇರುತ್ತಾರೆ. ಆ ಭಾಗಕ್ಕೆ ಲೂಪ್ ಹಾಕಿಡಿ, ಸ್ಟೇಜ್ ಮುಟ್ಟುವ ತನಕ ಸುತ್ತುತ್ತಿರಲಿ. ಶುರು ಮಾಡುವ ಸನ್ನೆ ಯಾರದು? ನನ್ನ ಮಟ್ಟಿಗೆ ವಿಡಿಯೊಗ್ರಾಫರ್‌ದು. ಬಾಗಿಲ ಬಳಿ ನಿಜವಾಗಿ ಏನಾಗುತ್ತಿದೆ ಎಂದು ಗೊತ್ತಿರುವವರು ಅವರೊಬ್ಬರೇ.

ಸೋದರರು, ಗೆಳತಿಯರು ಮಾಡುವ ಡ್ಯಾನ್ಸಿನ ಹಾಡುಗಳು ಎರಡು ದಿನ ಮೊದಲೇ ನಿಮ್ಮ ಕೈಗೆ ಬರಬೇಕು. "ಅಲ್ಲೇ ಬ್ಲೂಟೂತ್ ಮಾಡ್ತೀವಿ" ಎಂದರೆ ಒಪ್ಪಬೇಡಿ: ಹಾಡಿನ ನಡುವೆ ಅವರಿಗೆ ಕರೆ ಬರುತ್ತದೆ, ರಿಂಗ್‌ಟೋನ್ ಹಾಲಿಗೆಲ್ಲ ಕೇಳುತ್ತದೆ. ಬಂದ ಫೈಲಿಗೆ ಕ್ರಮಸಂಖ್ಯೆ ಕೊಟ್ಟು, ಪೂರ್ತಿ ಕೇಳಿ, ಕೊನೆ ಹೇಗೆ ಎಂದು ಕೇಳಿ ತಿಳಿದುಕೊಳ್ಳಿ. ಎಲ್‌ಇಡಿ ಪರದೆಯಲ್ಲಿ ಜೋಡಿಯ ವಿಡಿಯೊ ಹಾಕುವುದಿದ್ದರೆ ಅದರ ಸದ್ದು ಯಾವ ಲ್ಯಾಪ್‌ಟಾಪಿನಿಂದ ಬರುತ್ತದೆ, ಅದಕ್ಕೆ ವೈರ್ ಇದೆಯೇ? ಇದನ್ನು ಯಾರೂ ಯೋಚಿಸಿರುವುದಿಲ್ಲ. ನೀವು ಯೋಚಿಸಿ.

ವೈರ್‌ಲೆಸ್ ಮೈಕಿಗೆ ಹೊಸ ಬ್ಯಾಟರಿ, ಜೇಬಿನಲ್ಲಿ ಇನ್ನೊಂದು ಜೊತೆ. ಮೈಕ್ ಚಾನೆಲ್ಲಿನಲ್ಲಿ ಲೋ ಕಟ್ ಬಟನ್ (ತೀರಾ ತಗ್ಗಿನ ಸದ್ದನ್ನು ಕತ್ತರಿಸುವುದು) ಒತ್ತಿರಿ, ಕೈಯ ಧಡಬಡ ಸದ್ದು ಹೋಗುತ್ತದೆ. ಮೈಕ್ ಹಿಡಿದವರು ಸ್ಪೀಕರಿನ ಮುಂದೆ ಹೋಗದಂತೆ ನೋಡಿಕೊಳ್ಳಿ, "ಕುಂಯ್" ಎಂಬ ಹೌಲಿಂಗ್ ಬರುವುದು ಅಲ್ಲಿಂದ.

8. ಹತ್ತು ಗಂಟೆ, ಲೈಸೆನ್ಸು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಬ್ಯಾಂಕ್ವೆಟ್ ಹಾಲ್, ಸಮುದಾಯ ಭವನದಂಥ ಮುಚ್ಚಿದ ಕಟ್ಟಡದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಆದರೆ ಕಿಟಕಿ ಬಾಗಿಲು ತೆರೆದ ಛತ್ರ, ಶಾಮಿಯಾನ, ಲಾನ್ ಮುಚ್ಚಿದ ಕಟ್ಟಡವಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಅದನ್ನು ತರುವುದು ಮನೆಯವರ ಕೆಲಸ ಎಂದು ಮೊದಲೇ ಹೇಳಿ, ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ಅಕ್ಕಪಕ್ಕದವರು 112ಕ್ಕೆ ಕರೆ ಮಾಡಿದರೆ ಪೊಲೀಸರು ಮೊದಲು ಬರುವುದು ಮದುವೆ ಮನೆಯವರ ಬಳಿಗಲ್ಲ, ಕನ್ಸೋಲಿನ ಬಳಿಗೆ.

ಹಾಡು ಹಾಕಲು ರಾಯಲ್ಟಿ ಕಟ್ಟಬೇಕೇ ಎಂಬುದು ಇನ್ನೊಂದು ಮಾಮೂಲಿ ಪ್ರಶ್ನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಜೆಡ್‌ಎ) ಕಲಂ ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಸಾಮಾಜಿಕ ಸಮಾರಂಭಗಳಲ್ಲಿ ಹಾಡು ಹಾಕುವುದಕ್ಕೆ ವಿನಾಯಿತಿ ಕೊಡುತ್ತದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಇದನ್ನು ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿತು. ಹಾಗಿದ್ದರೂ ಕೆಲವು ಹೋಟೆಲುಗಳು ಲೈಸೆನ್ಸ್ ಇಲ್ಲದೆ ಪ್ಲಗ್ ಹಾಕಲೂ ಬಿಡುವುದಿಲ್ಲ. ಹಾಲ್ ಬುಕ್ ಮಾಡುವಾಗಲೇ ಇದನ್ನು ಮನೆಯವರು ಬಗೆಹರಿಸಿಕೊಳ್ಳಬೇಕು. ಈ ವಿನಾಯಿತಿ ಕದ್ದು ಇಳಿಸಿದ ಫೈಲಿಗೂ, ಮದುವೆಯ ವಿಡಿಯೊವನ್ನು ಹಾಡಿನ ಸಮೇತ ಇನ್‌ಸ್ಟಾಗ್ರಾಮಿಗೆ ಹಾಕುವುದಕ್ಕೂ ಅನ್ವಯಿಸದು.

9. ಆ ಸಂಜೆ

ಆರಕ್ಕೆ ಸೌಂಡ್ ಚೆಕ್ ಮುಗಿದಿರಲಿ. ಮಗು ಮಲಗಿಸಿದ ತಾಯಂದಿರು ಯಾವ ಮೂಲೆಯಲ್ಲಿದ್ದಾರೆ ನೋಡಿ, ಸಬ್‌ವೂಫರ್ ಆ ಕಡೆ ಬೇಡ. ಒಂಬತ್ತರ ಒಳಗೆ ಸರದಿಯ ಮೇಲೆ ಹೋಗಿ ಊಟ ಮಾಡಿಬನ್ನಿ, ಹತ್ತರ ಮೇಲೆ ಅಡುಗೆಯವರು ಪಾತ್ರೆ ತೊಳೆಯುತ್ತಿರುತ್ತಾರೆ.

ಕೋರಿಕೆ ಹಾಡುಗಳು ಒಂದೇ ಸಮನೆ ಬರುತ್ತವೆ. ಎಲ್ಲರಿಗೂ "ಬರತ್ತೆ, ಬರತ್ತೆ" ಎನ್ನಬೇಡಿ. ಒಂದು ಚೀಟಿ, ಒಂದು ಪೆನ್ನು ಮೇಜಿನ ಮೇಲಿಡಿ, ಬರೆಯಲಿ. ಹಾಕಬೇಕೋ ಬೇಡವೋ ಎಂಬ ಅನುಮಾನ ಬಂದರೆ ಫೋನಿನಲ್ಲಿ ಗುರುತು ಮಾಡಿಕೊಂಡ ಆ ಇಬ್ಬರನ್ನು ಕೇಳಿ.

ಸಾಲು ಇನ್ನೂ ಮುಗಿದಿಲ್ಲ, ಗಂಟೆ ಒಂಬತ್ತೂಮುಕ್ಕಾಲು. ಇದು ಆಗಾಗ ಆಗುವುದೇ. ಆಗ ಕುಣಿತವನ್ನು ಹದಿನೈದು ನಿಮಿಷಕ್ಕೆ ಇಳಿಸುವ ಇನ್ನೊಂದು ಪಟ್ಟಿ ನಿಮ್ಮಲ್ಲಿರಬೇಕು: ದೊಡ್ಡವರಿಗೆ ಎರಡು, ಎರಡೂ ಮನೆಯ ಭಾಷೆಗೆ ಒಂದೊಂದು, ಗೆಳೆಯರಿಗೆ ಮೂರು, ಕೊನೆಗೆ ಎಲ್ಲರೂ ಕೂಗಿಕೊಂಡು ಹಾಡುವ ಒಂದು. ಹತ್ತಕ್ಕೆ ಐದು ನಿಮಿಷ ಇರುವಾಗ ಮೈಕಿನಲ್ಲಿ "ಕೊನೇ ಹಾಡು" ಎಂದು ಹೇಳಿಸಿ. ಹೇಳದೆ ನಿಲ್ಲಿಸಿದರೆ ಬೈಗುಳ ನಿಮಗೆ, ಹೇಳಿ ನಿಲ್ಲಿಸಿದರೆ ಛತ್ರದ ಮ್ಯಾನೇಜರ್‌ಗೆ. ನಿಂತ ಕೂಡಲೇ ಪೂರ್ತಿ ಮೌನ ಮಾಡದೆ ಸಣ್ಣ ದನಿಯಲ್ಲಿ ವಾದ್ಯಸಂಗೀತ ಬಿಟ್ಟಿರಿ, ಜನ ಮೆಲ್ಲಗೆ ಚದುರುತ್ತಾರೆ.

ಬಾಕಿ ಹಣವನ್ನು ಕನ್ಸೋಲ್ ಬಿಚ್ಚುವ ಮೊದಲೇ ಕೇಳಿ. ಮರುದಿನ ಬೆಳಗ್ಗೆ ಮುಹೂರ್ತ ಇರುತ್ತದೆ, ಆಮೇಲೆ ಬೀಗರೂಟ, ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಬಾಡಿಗೆ ಸೌಂಡಿನವರ ವೈರುಗಳು ನಿಮ್ಮದರ ಜೊತೆ ಸೇರಿಕೊಳ್ಳುತ್ತವೆ, ಆದ್ದರಿಂದ ನಿಮ್ಮ ಎಲ್ಲ ವೈರಿನ ಎರಡೂ ತುದಿಗೆ ಒಂದೇ ಬಣ್ಣದ ಟೇಪ್ ಸುತ್ತಿಟ್ಟಿರಿ. ಕನ್ಸೋಲಿಗೆ ಚುಚ್ಚಿದ ಪೆನ್‌ಡ್ರೈವ್ ತೆಗೆದುಕೊಂಡಿರಾ, ಇನ್ನೊಮ್ಮೆ ನೋಡಿ.